ಹಾಲಮ್ಮನ ಖೋ

"ಖೋ!"

ಮಾತಿಗಿಂತ ಮೊದಲು ಏಟಿನ ಸದ್ದೇ ಕೇಳಿಸಿತು. ಫಟ್! ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತುಂಗಿ ಎದ್ದು ಓಡುವ ಬದಲು ಮುಂದಕ್ಕೆ ಮುಗ್ಗರಿಸಿ ಎರಡೂ ಕೈಯನ್ನು ಮಣ್ಣಿಗೆ ಊರಿದಳು.

"ಏಳೇ! ಓಡೇ! ಅಲ್ಲೇ ಕೂತು ಮಣ್ಣು ತಿಂತೀಯೇನೇ?" ಹಾಲಮ್ಮ ಕಿರುಚಿದಳು.

"ಬೆನ್ನು ಉರೀತೈತೆ ಹಾಲಕ್ಕ..."

"ಉರೀಲಿ! ಸೊರಬದೋರು ಬಂದು ಎಣ್ಣೆ ಹಚ್ತಾರೆ, ಸುಮ್ನಿರು!"

ತುಂಗಿ ಕಣ್ಣೊರೆಸಿಕೊಂಡು ಓಡಿದಳು. ಅಷ್ಟು ಹೊತ್ತಿಗೆ ಹಿಡಿಯಬೇಕಾದ ಹುಡುಗಿ ಆ ತುದಿಯ ಕಂಬ ಸುತ್ತಿ, ನಾಲಗೆ ಚಾಚಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಐವತ್ತೆಂಟನೇ ಇಸವಿ. ಹಾಲಮ್ಮ ಶಿಕಾರಿಪುರದಲ್ಲಿ ಏಳನೇ ಕ್ಲಾಸು ಓದುತ್ತಿದ್ದಳು. ಸ್ಕೂಲಿನ ಹುಡುಗಿಯರ ಖೋ ಖೋ ಟೀಮಿಗೆ ಅವಳೇ ಕ್ಯಾಪ್ಟನ್. ಓಟದಲ್ಲಿ ಅವಳನ್ನು ಮೀರಿಸುವವರು ಇಡೀ ಊರಲ್ಲೇ ಇರಲಿಲ್ಲ. ತುಂಗಿ ಐದನೇ ಕ್ಲಾಸು, ಟೀಮಿನಲ್ಲೇ ಚಿಕ್ಕವಳು. ಬರುವ ಶನಿವಾರ ಸೊರಬದ ಟೀಮಿನ ಮೇಲೆ ಸೊರಬದಲ್ಲೇ ಮ್ಯಾಚ್. ಗೆದ್ದವರು ಜಿಲ್ಲಾ ಆಟಕ್ಕೆ ಶಿವಮೊಗ್ಗಕ್ಕೆ ಹೋಗುತ್ತಾರೆ. ಶಿವಮೊಗ್ಗಕ್ಕೆ ಹೋದರೆ ರೈಲು ನೋಡಬಹುದು! ಒಂಬತ್ತು ಹುಡುಗಿಯರಲ್ಲಿ ಒಬ್ಬಳೂ ರೈಲು ನೋಡಿರಲಿಲ್ಲ. ಹಾಲಮ್ಮ ಮಾತ್ರ ಪುಸ್ತಕದಲ್ಲಿ ಅದರ ಚಿತ್ರ ಬರೆದು, ಹೊಗೆಗೆ ಬಣ್ಣ ಹಚ್ಚಿ, ಕಿಟಕಿಯಲ್ಲಿ ತನ್ನದೇ ಮುಖ ಕೂರಿಸಿಬಿಟ್ಟಿದ್ದಳು.

ಹೋದ ವರ್ಷ ಸೊರಬದವರೇ ಗೆದ್ದಿದ್ದರು. ಖೋ ಕೊಟ್ಟದ್ದು ಕಾಣಲಿಲ್ಲ, ಕೇಳಲಿಲ್ಲ ಎಂದು ಅಂಪೈರು ಶಿಕಾರಿಪುರದವರಿಗೆ ಎರಡು ಸಲ ಫೌಲ್ ಕೊಟ್ಟಿದ್ದರು. ಡ್ರಿಲ್ ಮಾಸ್ತರು ಉಚ್ಚಂಗಪ್ಪನವರಿಗೆ ಅದು ಎಷ್ಟು ಚುಚ್ಚಿತ್ತೆಂದರೆ ಅವತ್ತಿನಿಂದ ಅವರದು ಒಂದೇ ಹುಕುಂ. "ಬೆನ್ನಿಗೆ ಬಿದ್ದ ಖೋ ಊರಿಗೆಲ್ಲ ಕೇಳಿಸ್ಬೇಕು ಕಣ್ರೇ! ಅಂಪೈರು ಕಿವುಡಾದ್ರೂ ಕೇಳಿಸ್ಬೇಕು!"

ಮಿಕ್ಕವರೆಲ್ಲ ಸ್ವಲ್ಪ ಜೋರಾಗಿ ತಟ್ಟುತ್ತಿದ್ದರು, ಅಷ್ಟೆ. ಹಾಲಮ್ಮನದು ಹಾಗಲ್ಲ. ಓಡುವವಳು ಸಿಕ್ಕಿದರೆ ಸರಿ, ಕೈಗೆ ಬಂದವಳು ತಪ್ಪಿಸಿಕೊಂಡಳೋ, ಮುಗಿಯಿತು. ಎದುರಿಗೆ ಯಾರ ಬೆನ್ನು ಸಿಗುತ್ತದೋ ಅದಕ್ಕೆ ಗ್ರಹಚಾರ. ಬಸಕ್ಕನಂಥ ಬಸಕ್ಕ, ಹಾಲಮ್ಮನ ಪ್ರಾಣಸ್ನೇಹಿತೆ, ಅವಳೇ ಒಂದು ದಿನ "ನಾನು ನಾಳೆಯಿಂದ ಬರಲ್ಲ" ಎಂದುಬಿಟ್ಟಳು. ಮಾರನೇ ದಿನ ಬಂದಳು ಅನ್ನಿ. ರೈಲಿನ ಆಸೆ ಯಾರನ್ನು ಬಿಟ್ಟೀತು?

ಉಚ್ಚಂಗಪ್ಪ ಮಾಸ್ತರಿಗೆ ವಿಷಯ ತಲುಪಿತು. ಅವರು ಹಾಲಮ್ಮನನ್ನು ಕರೆದು ಮೀಸೆ ತೀಡಿಕೊಳ್ಳುತ್ತಾ ಹೇಳಿದರು.

"ನೋಡವ್ವ, ಸಿಟ್ಟು ಅನ್ನೋದು ಒಳಗೆ ಕುದಿಯೋ ಅನ್ನ ಇದ್ದಂಗೆ. ಉಕ್ಕೋವಾಗ ಮುಚ್ಚಳ ತೆಗೀಬೇಕೋ ಬ್ಯಾಡ್ವೋ?"

"ತೆಗೀಬೇಕು ಸಾರ್."

"ಹಂಗೇ ಸಿಟ್ಟನ್ನೂ ಹೊರಗೆ ಬಿಡ್ಬೇಕು. ಬಿಟ್ರೆ ಖಾಲಿ ಆಗ್ತೈತೆ. ಅಗಾ, ಆ ಹೊಂಗೆ ಮರಕ್ಕೆ ಹೊಟ್ಟಿನ ಚೀಲ ಕಟ್ಟೀನಿ. ದಿನಾ ಪ್ರಾಕ್ಟೀಸಿಗೆ ಮುಂಚೆ ಅದಕ್ಕೆ ನೂರು ಏಟು ಹಾಕು. ಆಮೇಲೆ ನೋಡು, ನೀನು ಹಸು ಆಗಿರ್ತೀಯ!"

ಹಾಲಮ್ಮ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದಳು. ಹತ್ತನೇ ಏಟಿಗೆ ಸೊರಬದ ಟೀಮಿನ ಕೆಂಪು ಟೇಪಿನ ಹುಡುಗಿಯ ನೆನಪಾಯಿತು. ಹೋದ ವರ್ಷ ಅವಳು ಎರಡು ಜಡೆ ಕುಣಿಸುತ್ತಾ ಹಾಲಮ್ಮನನ್ನು ಐದು ನಿಮಿಷ ಓಡಿಸಿದ್ದಳು. ಮೂವತ್ತಕ್ಕೆ ತುಂಗಿ ಮುಗ್ಗರಿಸಿದ್ದು ನೆನಪಾಯಿತು. ಅರವತ್ತಕ್ಕೆ, ಮೂರನೇ ಕ್ಲಾಸಿನಲ್ಲಿ ಬಸಕ್ಕ ಬಳಪ ಇಸಕೊಂಡು ವಾಪಸ್ಸು ಕೊಡದೇ ಇದ್ದದ್ದು ನೆನಪಾಯಿತು. ನೂರು ಮುಗಿಯುವ ಹೊತ್ತಿಗೆ ಅಂಗೈ ಕೆಂಡವಾಗಿತ್ತು, ಮತ್ತು ಹಾಲಮ್ಮನಿಗೆ ಇಡೀ ಪ್ರಪಂಚದ ಮೇಲೆ ಸಿಟ್ಟು ಬಂದಿತ್ತು! ಅವತ್ತಿನ ಪ್ರಾಕ್ಟೀಸಿನಲ್ಲಿ ಬಿದ್ದ ಏಟುಗಳನ್ನು ಹುಡುಗಿಯರು ಬಹಳ ದಿನ ಮರೆಯಲಿಲ್ಲ.

ಮನೆಯಲ್ಲಿ ಅಜ್ಜಿ ದ್ಯಾಮಮ್ಮ ಹೇಳುವುದೇ ಬೇರೆ.

"ನಿಂದೇನೂ ತಪ್ಪಿಲ್ಲ ಬಿಡು. ನಮ್ಮನೆ ರಕ್ತನೇ ಹಂಗೈತೆ. ನಿಮ್ಮಜ್ಜ ಇದ್ರಲ್ಲ, ಎತ್ತು ಗದ್ದೇಲಿ ಮೊಂಡು ಬಿದ್ರೆ ಎತ್ತಿಗೆ ಏನೂ ಅಂತಿರ್ಲಿಲ್ಲ. ಮನೆಗೆ ಬಂದು ಚೆಂಬು ಒದೀತಿದ್ರು. ನಮ್ಮನೇಲಿ ಚೊಟ್ಟಾಗದ ಚೆಂಬೇ ಇರ್ಲಿಲ್ಲ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಗದ್ದಲ. ನಾಲ್ಕು ವರ್ಷದ ತಮ್ಮ ಉಜ್ಜ "ಖೋ!" ಎಂದು ಕರುವಿನ ಬೆನ್ನಿಗೆ ಎರಡೂ ಕೈಯಿಂದ ಬಾರಿಸಿದ್ದ. ಕರು ಅವನಿಗೆ ಒಂದು ಒದೆ ಕೊಟ್ಟಿತ್ತು. ಅವ್ವ ಓಡಿಬಂದು ಅವನನ್ನು ಎತ್ತಿಕೊಂಡಳು.

"ಇದನ್ನೆಲ್ಲ ಯಾರ್ನ ನೋಡಿ ಕಲ್ತಾನೋ!" ಎಂದಳು. ಹೇಳಿದ್ದು ಉಜ್ಜನಿಗೆ, ನೋಡಿದ್ದು ಹಾಲಮ್ಮನನ್ನು.

ಶನಿವಾರ ಬಂದೇ ಬಂತು! ಬೆಳಗಿನ ಬಸ್ಸಿಗೆ ಒಂಬತ್ತು ಹುಡುಗಿಯರು, ಉಚ್ಚಂಗಪ್ಪ ಮಾಸ್ತರು, ಜೊತೆಗೆ ಹೊಸದಾಗಿ ಬಂದ ಮಹಾದೇವಮ್ಮ ಟೀಚರು. ಅಬ್ಬಬ್ಬಾ, ಆ ಗಲಾಟೆ! ಶಿರಾಳಕೊಪ್ಪ ಬರುವುದರೊಳಗೆ ಬುತ್ತಿ ರೊಟ್ಟಿ ಅರ್ಧ ಖಾಲಿ. ಅಲ್ಲಿಂದ ಮುಂದೆ ಹಾಡು, ಚಪ್ಪಾಳೆ, ಇಬ್ಬರಿಗೆ ವಾಂತಿ. ಕಂಡಕ್ಟರು "ಇದು ಬಸ್ಸೋ ಸಂತೆಯೋ" ಎಂದು ಗೊಣಗಿದ.

ಹಾಲಮ್ಮ ಮಾತ್ರ ಹಾಡಲಿಲ್ಲ. ಕಿಟಕಿಯ ಸರಳು ಹಿಡಿದು ಹಲ್ಲು ಕಚ್ಚಿ ಕೂತಿದ್ದಳು. ಮಹಾದೇವಮ್ಮ ಟೀಚರು ಪಕ್ಕಕ್ಕೆ ಬಂದು ಕೂತರು. ಅವರು ಆಗಷ್ಟೇ ಟ್ರೈನಿಂಗ್ ಮುಗಿಸಿ ಬಂದವರು. ಹುಡುಗಿಯರನ್ನು ಬೈಯುವುದು ಅವರಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ.

"ಈಗ್ಲೇ ಸಿಟ್ಟಾ?" ಎಂದು ಕೇಳಿದರು.

"ನಮ್ಮ ರಕ್ತನೇ ಹಂಗಂತೆ ಟೀಚರ್, ನಮ್ಮಜ್ಜಿ ಹೇಳ್ತಾಳೆ."

ಟೀಚರು ನಕ್ಕರು. "ನಮ್ಮ ಟ್ರೈನಿಂಗಲ್ಲಿ ಮನಶ್ಶಾಸ್ತ್ರ ಅಂತ ಒಂದು ಪಾಠ ಇತ್ತು. ಮನುಷ್ಯರು ಯಾಕೆ ಹೊಡೀತಾರೆ ಅನ್ನೋದರ ಬಗ್ಗೆ ದೊಡ್ಡ ದೊಡ್ಡ ಪಂಡಿತರು ಪುಸ್ತಕ ಬರೆದಿದ್ದಾರೆ. ಒಬ್ಬರು ಅದು ಹುಟ್ಟಿನಿಂದಲೇ ಬಂದದ್ದು ಅಂತಾರೆ, ನಿಮ್ಮಜ್ಜಿ ಹಾಗೆ. ಇನ್ನೊಬ್ಬರು ಬೇರೆಯವರನ್ನ ನೋಡಿ ಕಲಿತದ್ದು ಅಂತಾರೆ. ಮತ್ತೆ ಕೆಲವರು, ಬೇಕಾದ್ದು ಕೈಗೆ ಸಿಗೋ ಹೊತ್ತಲ್ಲಿ ಅಡ್ಡಿ ಬಂದ್ರೆ ಸಿಟ್ಟು ಬರುತ್ತೆ, ಅಡ್ಡಿ ಮಾಡಿದವರು ಸಿಗದೇ ಇದ್ರೆ ಅದು ಹತ್ತಿರ ಇದ್ದವರ ಮೇಲೆ ಹೋಗುತ್ತೆ ಅಂತಾರೆ."

"ಹೊಟ್ಟಿನ ಚೀಲಕ್ಕೆ ಹೊಡೆದ್ರೆ ಖಾಲಿ ಆಗ್ತೈತೆ ಅಂತ ಯಾರೂ ಬರ್ದಿಲ್ವಾ?"

"ಅದನ್ನೂ ಬರೆದಿದ್ದಾರೆ. ಖಾಲಿ ಆಯ್ತಾ?"

"ಎಲ್ಲಿ ಟೀಚರ್! ಇನ್ನೂ ತುಂಬ್ತು."

ಟೀಚರಿಗೆ ನಗು ತಡೆಯಲಾಗಲಿಲ್ಲ. ಹಾಲಮ್ಮನಿಗೂ ಸ್ವಲ್ಪ ನಗು ಬಂತು.

"ಹಂಗಾದ್ರೆ ಇದ್ರಲ್ಲಿ ಯಾವ್ದು ಸರಿ?"

"ನನಗೂ ಗೊತ್ತಿಲ್ಲ ಮರಿ. ಪಂಡಿತರು ನಿನ್ನ ಆಟ ನೋಡಿಲ್ಲ. ಇವತ್ತು ಆಡೋವಾಗ ನೀನೇ ಸ್ವಲ್ಪ ಗಮನ ಇಟ್ಟು ನೋಡು, ಸಿಟ್ಟು ಯಾರ ಮೇಲೆ ಬರುತ್ತೆ, ಏಟು ಯಾರಿಗೆ ಬೀಳುತ್ತೆ ಅಂತ."

ಆಡುವಾಗ ಅದನ್ನೆಲ್ಲ ಯಾರು ನೋಡುತ್ತಾ ಕೂರುತ್ತಾರೆ! ಹಾಲಮ್ಮ ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಸೊರಬದ ಮೈದಾನದ ಸುತ್ತ ಜನವೋ ಜನ. ಸಂತೆಗೆ ಭತ್ತ ತಂದವರು ಗಾಡಿ ನಿಲ್ಲಿಸಿ ಗಾಡಿಯ ಮೇಲೇ ನಿಂತು ನೋಡುತ್ತಿದ್ದರು. ಅಂಪೈರು ಎರಡೂ ಟೀಮಿನವರನ್ನು ಕರೆದು ಹೇಳಿದರು: ಒಂದೊಂದು ಟೀಮು ಎರಡು ಸಲ ಓಡಬೇಕು, ಎರಡು ಸಲ ಹಿಡಿಯಬೇಕು. ಸಲಕ್ಕೆ ಏಳು ನಿಮಿಷ. ಹೆಚ್ಚು ಜನರನ್ನು ಔಟ್ ಮಾಡಿದವರು ಶಿವಮೊಗ್ಗಕ್ಕೆ. ಸಮ ಬಂದರೆ ಹೋದ ವರ್ಷ ಗೆದ್ದ ಸೊರಬದವರೇ ಶಿವಮೊಗ್ಗಕ್ಕೆ.

ಮೊದಲು ಹಿಡಿಯುವ ಸರದಿ ಸೊರಬದವರದು. ಅವರು ಖೋ ಕೊಡುವುದನ್ನು ನೋಡಿ ಹಾಲಮ್ಮ ಮೂಗು ಮುರಿದಳು. ಅಂಗೈ ಬೆನ್ನಿಗೆ ಸೋಕಿದ್ದೇ ತಡ, ಕೂತವಳು ಎದ್ದು ಓಡುತ್ತಿದ್ದಳು. ಸದ್ದೇ ಇಲ್ಲ. "ಬೆಣ್ಣೆ ಹಚ್ತಾರೇನೇ ಇವ್ರು!" ಎಂದು ಬಸಕ್ಕನ ಕಿವಿಯಲ್ಲಿ ಹೇಳಿದಳು. ಆದರೆ ಬೆಣ್ಣೆ ಹಚ್ಚುವವರು ಏಳು ನಿಮಿಷದಲ್ಲಿ ಆರು ಜನರನ್ನು ಔಟ್ ಮಾಡಿಬಿಟ್ಟರು.

ಈಗ ಶಿಕಾರಿಪುರದ ಸರದಿ. ಹಾಲಮ್ಮ ಕಂಬದ ಹತ್ತಿರ ನಿಂತಳು. ಎಂಟು ಗೆಳತಿಯರು ಸಾಲಾಗಿ ಕೂತರು, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳ ಮುಖ ಈ ಕಡೆ. ಸೀಟಿ ಮೊಳಗಿತು!

ಹಾಲಮ್ಮ ಬಾಣ ಬಿಟ್ಟಂತೆ ಹೋದಳು. ಕೆಂಪು ಟೇಪಿನ ಹುಡುಗಿ ಸಾಲಿನ ನಡುವೆ ನುಸುಳಿ ಆ ಕಡೆ ಹಾರಿದಳು. ಹಿಡಿಯುವವಳು ಹಾಗೆ ನುಸುಳುವಂತಿಲ್ಲ. ಆ ಕಡೆ ಮುಖಮಾಡಿ ಕೂತವಳಿಗೆ ಹಿಂದಿನಿಂದ ಖೋ ಕೊಡಬೇಕು. ಹಾಲಮ್ಮ ಕೈ ಎತ್ತಿದಳು. ಏಟು ಬೀಳುವ ಮೊದಲೇ ಕೂತವಳು ಎದ್ದುಬಿಟ್ಟಳು.

ಸೀಟಿ! "ಫೌಲ್! ಖೋ ಸಿಗೋ ಮುಂಚೆ ಎದ್ದದ್ದು!"

"ಯಾಕೇ ಎದ್ದೆ?" ಎಂದು ಹಾಲಮ್ಮ ಗದರಿದಳು. ಮುಂದಿನ ಸಲ ಇನ್ನೊಬ್ಬಳು ಹಾಗೇ ಎದ್ದಳು. ಮತ್ತೆ ಸೀಟಿ. ಹಾಲಮ್ಮನ ಕಾಲಿನ ಸದ್ದು ಹಿಂದೆ ಕೇಳಿಸಿದರೆ ಸಾಕು, ಯಾರೂ ಕೂರುವ ಕಡೆ ಕೂರುತ್ತಿರಲಿಲ್ಲ. ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎನಿಸಿತು ಅವಳಿಗೆ. ಸಿಟ್ಟು ನೆತ್ತಿಗೇರಿತು. ಏಟು ಇನ್ನೂ ಜೋರಾಯಿತು. ಫೌಲೂ ಜಾಸ್ತಿಯಾಯಿತು. ಏಳು ನಿಮಿಷದಲ್ಲಿ ಔಟಾದವರು ನಾಲ್ಕೇ ಜನ.

"ಬಾ ಮಾರಾಯ್ತಿ, ಇನ್ನೊಂದ್ ಸಲ ಹಿಡಿ ನೋಡುವ!" ಕೆಂಪು ಟೇಪಿನವಳು ಜಡೆ ಹಿಂದಕ್ಕೆಸೆದು ನಕ್ಕಳು.

ಎರಡನೇ ಸಲ ಸೊರಬದವರು ಮತ್ತೆ ಐದು ಜನರನ್ನು ಔಟ್ ಮಾಡಿದರು. ಒಟ್ಟು ಹನ್ನೊಂದು. ಶಿಕಾರಿಪುರದ್ದು ನಾಲ್ಕು. ಇನ್ನು ಏಳು ಔಟ್ ಮಾಡಿದರೆ ಸಮ, ಎಂಟು ಮಾಡಿದರೆ ರೈಲು! ಉಚ್ಚಂಗಪ್ಪ ಮಾಸ್ತರು ಮೀಸೆ ತೀಡುವುದನ್ನೂ ಮರೆತು ಟವೆಲ್ಲಿನ ತುದಿ ಕಚ್ಚುತ್ತಿದ್ದರು.

ಕೊನೆಯ ಏಳು ನಿಮಿಷ ಶುರುವಾಯಿತು. ಹಾಲಮ್ಮ ಓಡಿದಳು, ಖೋ ಕೊಟ್ಟು ಚೌಕದಲ್ಲಿ ಕೂತಳು. ಈಗ ಬಸಕ್ಕ ಹಿಡಿಯುವವಳು. ಸೊರಬದವಳೊಬ್ಬಳ ಜಡೆ ಬಸಕ್ಕನ ಬೆರಳಿಗೇ ತಾಗುವಷ್ಟು ಹತ್ತಿರ ಬಂತು. ಬಂತು ಬಂತು ಎನ್ನುವಷ್ಟರಲ್ಲಿ ತಪ್ಪಿಹೋಯಿತು! ಗಾಡಿಯ ಮೇಲಿದ್ದವರೆಲ್ಲ ಹೋ ಎಂದರು.

ಫಟ್! "ಖೋ!"

ಹಾಲಮ್ಮನ ಕಣ್ಣಿಗೆ ಕತ್ತಲೆ ಬಂತು. ಬೆನ್ನಿನ ಮೇಲೆ ಐದು ಬೆರಳೂ ಬೇರೆ ಬೇರೆಯಾಗಿ ಉರಿದವು. ತಿರುಗಿ ನೋಡಿದರೆ ಬಸಕ್ಕ! ಯಾವತ್ತೂ ಯಾರಿಗೂ ಏಟು ಕೊಡದ ಬಸಕ್ಕ ತನ್ನ ಅಂಗೈಯನ್ನೇ ನೋಡುತ್ತಾ ಬಾಯಿ ಬಿಟ್ಟು ನಿಂತಿದ್ದಳು.

"ಕೈ ತಾನಾಗೇ ಹೋತು ಕಣೇ..."

ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಹಾಲಮ್ಮ ಎದ್ದು ಓಡಿದಳು, ಮತ್ತೊಬ್ಬಳಿಗೆ ಖೋ ಕೊಟ್ಟಳು, ಅವಳ ಜಾಗದಲ್ಲಿ ಕೂತಳು. ಬೆನ್ನು ಇನ್ನೂ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಮತ್ತೆ ಕಾಲಿನ ಸದ್ದು ಬಂತು. ದಡ, ದಡ, ದಡ. ಹಾಲಮ್ಮನ ಭುಜ ತಾನಾಗಿ ಕಿವಿಯ ತನಕ ಏರಿತು. ಬೆನ್ನು ಮುಂದಕ್ಕೆ ಬಾಗಿತು. ಏಟು ಇನ್ನೇನು ಬಿತ್ತು ಎಂದುಕೊಂಡಳು, ಎದ್ದೇಬಿಟ್ಟಳು.

ಸೀಟಿ! "ಫೌಲ್!"

ಕ್ಯಾಪ್ಟನ್ ಹಾಲಮ್ಮನದೇ ಫೌಲ್!

ಎಂಟು ಜನ ಅವಳನ್ನೇ ನೋಡಿದರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನಾಚಿಕೆಯಿಂದ ಹಾಲಮ್ಮನ ಮುಖ ಕೆಂಪಾಯಿತು. ತಪ್ಪಿಸಿಕೊಂಡವಳು ಸೊರಬದ ಹುಡುಗಿ, ಏಟು ಬಿದ್ದದ್ದು ತನಗೆ. ಹಾಗಾದರೆ ಇಷ್ಟು ದಿನ ತಾನು ಹೊಡೆದದ್ದು ಯಾರಿಗೆ? ಇವರು ಯಾರೂ ಬೇಕೆಂದು ಏಳುತ್ತಿರಲಿಲ್ಲ, ಹೆದರಿ ಏಳುತ್ತಿದ್ದರು. ಸೊರಬದವರಿಗಲ್ಲ, ತನಗೆ ಹೆದರಿ!

ಆಟ ನಿಲ್ಲುವುದಿಲ್ಲವಲ್ಲ. ಅವಳ ಸರದಿ ಮತ್ತೆ ಬಂತು. ಓಡುವವಳು ಕೈಗೆ ಸಿಕ್ಕಂತಾಗಿ ನುಣುಚಿಕೊಂಡಳು. ಎದುರಿಗೆ ಬಸಕ್ಕನ ಬೆನ್ನು. ಹಾಲಮ್ಮ ಮೂಗಿನ ತುಂಬ ಉಸಿರೆಳೆದು ಅಂಗೈಯನ್ನು ಆ ಬೆನ್ನಿಗೆ ಇಟ್ಟಳು. ಬರೀ ಇಟ್ಟಳು, ಬಾಯಲ್ಲಿ ಮಾತ್ರ ಇಡೀ ಸೊರಬಕ್ಕೆ ಕೇಳಿಸುವಂತೆ ಕೂಗಿದಳು.

"ಖೋ!"

ಬಸಕ್ಕ ಚಿಮ್ಮಿದಳು. ನಾಲ್ಕೇ ಹೆಜ್ಜೆಗೆ ಔಟ್!

ಆಮೇಲೆ ನೋಡಬೇಕಿತ್ತು ನೀವು! ಖೋ, ಖೋ, ಖೋ! ಒಬ್ಬಳಿಂದ ಒಬ್ಬಳಿಗೆ ಓಟ ಹರಿಯತೊಡಗಿತು. ಮೂರು ಔಟ್. ನಾಲ್ಕು. ಐದು. ಭತ್ತದ ಗಾಡಿಯವರು ತಮ್ಮೂರು ಯಾವುದು ಎನ್ನುವುದನ್ನೇ ಮರೆತು ಶಿಕಾರಿಪುರದವರಿಗೆ ಚಪ್ಪಾಳೆ ಹೊಡೆದರು. ಆರು! ಮಹಾದೇವಮ್ಮ ಟೀಚರು ಸೆರಗು ಸಿಕ್ಕಿಸಿಕೊಂಡು ಗೆರೆಯ ಉದ್ದಕ್ಕೂ ತಾವೇ ಓಡುತ್ತಿದ್ದರು. ಏಳು! ಸಮ! ಇನ್ನು ಒಂದೇ ಒಂದು!

"ಇಪ್ಪತ್ತು ಸೆಕೆಂಡ್!" ಎಂದು ಗಡಿಯಾರ ಹಿಡಿದವರು ಕೂಗಿದರು.

ಹಿಡಿಯುವವಳು ಹಾಲಮ್ಮ. ಮುಂದೆ ಓಡುತ್ತಿದ್ದವಳು ಅದೇ ಕೆಂಪು ಟೇಪಿನ ಹುಡುಗಿ. ಅವಳಿಗೂ ಏದುಸಿರು. ಸಾಲಿನ ಆ ತುದಿಯ ಚೌಕದಲ್ಲಿ ತುಂಗಿ ಕೂತಿದ್ದಳು. ಈ ಸಲದ ಆಟದಲ್ಲಿ ಹಾಲಮ್ಮ ಅವಳ ತನಕ ಹೋಗಿಯೇ ಇರಲಿಲ್ಲ. ಕೆಂಪು ಟೇಪಿನವಳು ತುಂಗಿಯ ಪಕ್ಕದಲ್ಲಿ ನುಸುಳಿದಳು. ಹಾಲಮ್ಮ ಕೈ ಚಾಚಿದಳು. ಜಡೆಯ ತುದಿ ಬೆರಳಿಗೆ ತಾಗಿತೋ ಇಲ್ಲವೋ, ತಪ್ಪಿತು!

ಆದರೆ ನುಸುಳಿದ ರಭಸಕ್ಕೆ ಆ ಹುಡುಗಿ ಎಡವಿ ಬಿದ್ದಳು. ಬಿದ್ದದ್ದು ತುಂಗಿಯ ಎದುರಿಗೇ, ಒಂದು ಮಾರು ದೂರದಲ್ಲಿ! ತುಂಗಿ ಎದ್ದು ಕೈ ಚಾಚಿದರೆ ಸಾಕು. ಗೆದ್ದಂತೆಯೇ!

ಹಾಲಮ್ಮನ ಕೈ ಮೇಲೆದ್ದಿತ್ತು. ಎದೆಯಲ್ಲಿ ಅದೇ ಹಳೆಯ ಬೆಂಕಿ. ಕೆಳಗೆ ನೋಡಿದಳು. ತುಂಗಿಯ ಭುಜ ಕಿವಿಗೆ ಅಂಟಿಕೊಂಡಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಪಾಪದ ಹುಡುಗಿ ಫೌಲ್ ಆಗಬಾರದೆಂದು ಎರಡೂ ಕೈಯಿಂದ ತನ್ನ ಮಂಡಿಯನ್ನು ತಾನೇ ಹಿಡಿದುಕೊಂಡು ಕೂತಿದ್ದಳು.

ಹಾಲಮ್ಮ ಕೈಯನ್ನು ಇಳಿಸಿ ಅವಳ ಬೆನ್ನಿನ ಮೇಲೆ ಮೆಲ್ಲಗೆ ಇಟ್ಟಳು.

"ಖೋ!"

ತುಂಗಿ ಏಳಲಿಲ್ಲ.

"ಖೋ ತುಂಗಿ! ಖೋ!"

ತುಂಗಿ ಕಣ್ಣು ಬಿಟ್ಟಳು. ಅಷ್ಟರಲ್ಲಿ ಕೆಂಪು ಟೇಪಿನವಳು ಎದ್ದು ಮಂಡಿಯ ಮಣ್ಣನ್ನೂ ಕೊಡವದೆ ಓಟ ಕಿತ್ತಿದ್ದಳು. ತುಂಗಿ ಎದ್ದು ಎರಡು ಹೆಜ್ಜೆ ಹಾಕಿದಳು. ಉದ್ದಕ್ಕೆ ಸೀಟಿ ಮೊಳಗಿತು.

ಹನ್ನೊಂದು, ಹನ್ನೊಂದು. ಸಮ.

ಸೊರಬದ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಉಚ್ಚಂಗಪ್ಪ ಮಾಸ್ತರು ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕಂಬಕ್ಕೊರಗಿದರು. ಬಸಕ್ಕ ಅಳುತ್ತಿದ್ದಳು. ತುಂಗಿ ಎರಡು ಹೆಜ್ಜೆ ಹಿಂದೆ ಬಂದು ತನ್ನ ಚೌಕದಲ್ಲೇ ಕುಸಿದು ಕೂತಿದ್ದಳು.

ಹಾಲಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಇಷ್ಟು ಸಿಟ್ಟು ಅವಳಿಗೆ ಯಾವತ್ತೂ ಬಂದಿರಲಿಲ್ಲ. ರೈಲು ಹೋಯಿತು! ಒಂದು ಕೈ ಅಳತೆಯಲ್ಲಿ ಹೋಯಿತು! ಅವಳು ದಾಪುಗಾಲು ಹಾಕಿ ತುಂಗಿಯ ಹತ್ತಿರ ಬಂದಳು.

"ಖೋ ಅಂದೆನಲ್ಲೇ, ಕೇಳಿಸ್ಲಿಲ್ವಾ?"

"ಕೇಳಿಸ್ತು ಹಾಲಕ್ಕ."

"ಮತ್ಯಾಕೆ ಏಳ್ಲಿಲ್ಲ?"

ತುಂಗಿ ತಲೆಯೆತ್ತಲಿಲ್ಲ. ಅವಳ ದನಿ ಮಣ್ಣಿನಿಂದ ಬಂದಂತಿತ್ತು.

"ನೀನು ಹೊಡೀಲಿಲ್ವಲ್ಲ... ಇನ್ನೇನು ಬೀಳ್ತೈತೆ ಅಂತ ಕಾಯ್ತಾ ಕೂತಿದ್ದೆ."



ತುಂಗಿಯ ಭುಜ ಇನ್ನೂ ಮೇಲೆಯೇ ಇತ್ತು. ಹಾಲಮ್ಮನಿಗೆ ಅವಳ ಬೆನ್ನು ಸವರಬೇಕೆನಿಸಿತು. ಕೈ ಅರ್ಧ ಎತ್ತಿದಳು. ಆ ಭುಜ ಇನ್ನಷ್ಟು ಮೇಲೇರಿದ್ದು ಕಾಣಿಸಿತು. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಅವಳು ತುಂಗಿಯ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತಳು. ಎರಡೂ ಕೈಯನ್ನು ತನ್ನ ಮಡಿಲಲ್ಲಿ, ತುಂಗಿಗೆ ಕಾಣುವ ಹಾಗೆ ಇಟ್ಟುಕೊಂಡಳು. ಮಾಸ್ತರು ಬಸ್ಸಿಗೆ ಹೊತ್ತಾಯಿತೆಂದು ಕರೆದರು. ಹಾಲಮ್ಮ ಏಳಲಿಲ್ಲ. ಆ ಭುಜ ಇಳಿಯುವ ತನಕ ಅಲ್ಲೇ ಕೂತಿದ್ದಳು.